ಹಡಗಲ್ಲಿ, ವಿಮಾನದಲ್ಲಿ ಮಾಲು ಕಳ್ಸೋರು ಪದೇ ಪದೇ ಕೇಳೋ ಪ್ರಶ್ನೆಗಳು

ಬೇರೆ ದೇಶಕ್ಕೆ ಮಾಲು ಕಳ್ಸೋರು, ಅಲ್ಲಿಂದ ತರಿಸ್ಕೊಳ್ಳೋರು ಫೋನಲ್ಲಿ, ಇಮೇಲಲ್ಲಿ, ಎದುರಿಗೆ ಸಿಕ್ಕಾಗ ಕೇಳಿರೋ ಪ್ರಶ್ನೆಗಳನ್ನ ಅವರವರ ಮಾತಲ್ಲೇ ಇಲ್ಲಿ ಜೋಡಿಸಿದೀನಿ. ವರ್ಷಗಟ್ಲೆ ಡಾಕ್ಯುಮೆಂಟೇಶನ್ ಟೇಬಲ್ ಮುಂದೆ ಕೂತು ನೋಡಿದ್ರಲ್ಲಿ ನಂಗೆ ಅನ್ಸಿರೋದು ಒಂದೇ, ಯಾವ ಗಲಾಟೆ ತಗೊಂಡ್ರೂ ಕೊನೆಗೆ ಎರಡು ಮಾತಿಗೆ ಬಂದು ನಿಲ್ಲತ್ತೆ: ಮಾಲು ಈ ಗಳಿಗೆಯಲ್ಲಿ ಯಾರ ಜವಾಬ್ದಾರಿ, ಮತ್ತೆ ಅದನ್ನ ಹೇಳೋ ಕಾಗದ ಯಾರ ಕೈಲಿದೆ. ಸುಲಭದ ಪ್ರಶ್ನೆಗಳು ಮೊದ್ಲು, ತಲೆನೋವಿನವು ಆಮೇಲೆ.

## ಶುರು ಮಾಡೋರಿಗೆ

ಫಾರ್ವರ್ಡರ್, ಶಿಪ್ಪಿಂಗ್ ಲೈನ್, ಕಸ್ಟಮ್ಸ್ ಬ್ರೋಕರ್ ಎಲ್ಲಾ ಒಂದೇನಾ? ಯಾರಿಗೆ ಫೋನ್ ಮಾಡ್ಬೇಕು?

ಒಂದೇ ಅಲ್ಲ. ಲೈನ್ ಅಂದ್ರೆ ಹಡಗು ಓಡ್ಸೋರು. ಫಾರ್ವರ್ಡರ್ ಹತ್ರ ಹಡಗು ಇರಲ್ಲ, ಅವ್ರು ಲೈನಿಂದ ಜಾಗ ತಗೊಂಡು ಲಾರಿ, ಗೋಡೌನು, ಕಾಗದ ಎಲ್ಲಾ ಜೋಡಿಸಿ ನಿಮಗೆ ಒಂದೇ ರೇಟ್ ಹೇಳ್ತಾರೆ. ಬ್ರೋಕರ್ ಕೆಲಸ ಕಸ್ಟಮ್ಸ್ ಮುಂದೆ ನಿಮ್ಮ ಪರವಾಗಿ ಡಿಕ್ಲರೇಶನ್ ಹಾಕೋದು. ಎಷ್ಟೋ ಕಡೆ ಫಾರ್ವರ್ಡರ್ ಆಫೀಸಲ್ಲೇ ಬ್ರೋಕರೂ ಇರ್ತಾರೆ, ಅದಕ್ಕೇ ಗೊಂದಲ. ಆದ್ರೆ ಬ್ರೋಕರ್ ತಪ್ಪು ಬರೆದ್ರೂ ಕಸ್ಟಮ್ಸ್ ಮೊದ್ಲು ಹಿಡ್ಕೊಳ್ಳೋದು ಇಂಪೋರ್ಟರನ್ನೇ, ಹಾಗಾಗಿ ಅವ್ರು ಫೈಲ್ ಮಾಡೋಕೆ ಮುಂಚೆ ಚೆಕ್‌ಲಿಸ್ಟ್ (ಡಿಕ್ಲರೇಶನ್ನಿನ ಕರಡು) ತರಿಸ್ಕೊಂಡು ಸಾಲು ಸಾಲಾಗಿ ಓದಿ.

ನಂದು 9 ಕ್ಯೂಬಿಕ್ ಮೀಟರ್ ಮಾಲಿದೆ. ಪೂರ್ತಿ ಕಂಟೈನರ್ ತಗೊಳ್ಳಾ ಇಲ್ಲಾ ಎಲ್‌ಸಿಎಲ್ ಅಲ್ಲಿ ಕಳ್ಸಾ?

ಎಲ್‌ಸಿಎಲ್ ಅಂದ್ರೆ ಬೇರೆಯವರ ಮಾಲಿನ ಜೊತೆ ನಿಮ್ಮದೂ ಒಂದೇ ಪೆಟ್ಟಿಗೆಯಲ್ಲಿ ಹೋಗೋದು, ಲೆಕ್ಕ ಕ್ಯೂಬಿಕ್ ಮೀಟರಿಗೆ ಇಲ್ಲಾ ಟನ್ನಿಗೆ, ಎರಡರಲ್ಲಿ ಯಾವ್ದು ಜಾಸ್ತಿನೋ ಅದಕ್ಕೆ. 9 ಕ್ಯೂಬಿಕ್ ಮೀಟರಿಗೆ ಹಡಗಿನ ಬಾಡಿಗೆ ಒಂದೇ ನೋಡಿದ್ರೆ ಎಲ್‌ಸಿಎಲ್ ಅಗ್ಗ ಅನ್ಸತ್ತೆ, ಆದ್ರೆ ಇಳಿಯೋ ಕಡೆ ಬಿಚ್ಚೋ ಚಾರ್ಜು, ಗೋಡೌನ್ ಚಾರ್ಜು, ಡೆಲಿವರಿ ಆರ್ಡರ್ ಫೀಸು ಅಂತ ಸಾಲಾಗಿ ಬರತ್ತೆ, ಅದು ಕೊಟೇಶನ್ನಲ್ಲಿ ಎಷ್ಟೋ ಸಲ ಇರೋದೇ ಇಲ್ಲ. ಎರಡೂ ಕಡೆಯ ಲೋಕಲ್ ಚಾರ್ಜ್ ಸೇರಿಸಿದ ರೇಟ್ ಕೇಳಿ, ಆಮೇಲೆ ಹೋಲಿಸಿ. 13-15 ಕ್ಯೂಬಿಕ್ ಮೀಟರ್ ದಾಟಿದ್ರೆ ಸಾಮಾನ್ಯವಾಗಿ 20 ಅಡಿ ಪೂರ್ತಿ ತಗೊಳ್ಳೋದೇ ಲಾಭ. ಇನ್ನೊಂದು ವಿಷ್ಯ, ಎಲ್‌ಸಿಎಲ್ ಅಲ್ಲಿ ಪಕ್ಕದವರ ಮಾಲನ್ನ ಕಸ್ಟಮ್ಸ್ ತಡೆ ಹಿಡಿದ್ರೆ ನಿಮ್ಮದೂ ಅದ್ರ ಜೊತೆ ಕೂತಿರತ್ತೆ.

20 ಅಡಿ ಕಂಟೈನರಿಗೆ ನಿಜವಾಗಿ ಎಷ್ಟು ಹಿಡಿಯತ್ತೆ?

ಒಳಗಡೆ ಸುಮಾರು 33 ಕ್ಯೂಬಿಕ್ ಮೀಟರ್, 40 ಅಡಿಗೆ 67, 40 ಅಡಿ ಹೈ ಕ್ಯೂಬಿಗೆ 76. ಇದು ನೀರು ತುಂಬಿದ ಹಾಗೆ ತುಂಬಿದ್ರೆ. ರಟ್ಟಿನ ಬಾಕ್ಸ್ ಜೋಡಿಸುವಾಗ ಸಂದು ಬಿಡತ್ತೆ, ಪ್ಯಾಲೆಟ್ ಇದ್ರೆ ಇನ್ನೂ ಹೋಗತ್ತೆ, 20 ಅಡಿಗೆ 26-28 ಅಂತ ಲೆಕ್ಕ ಇಟ್ಕೊಳ್ಳಿ. ಭಾರದ ಮಾಲಿಗೆ ತೂಕವೇ ಮೊದ್ಲು ಮುಗಿಯತ್ತೆ, ಜಾಗ ಖಾಲಿ ಇದ್ರೂ. ಈಗಿನ ಕಂಟೈನರ್‌ಗಳ ಬಾಗಿಲ ಮೇಲೆ ಒಟ್ಟು ಮಿತಿ ಹೆಚ್ಚಾಗಿ 30,480 ಕೆಜಿ ಅಂತಿರತ್ತೆ, ಅದ್ರಲ್ಲಿ ಕಂಟೈನರಿನ ಸ್ವಂತ ತೂಕವೂ ಸೇರಿದೆ. ಹಡಗು ಹೊರತ್ತೆ ಅಂತ ರಸ್ತೆ ಹೊರಲ್ಲ, ಎರಡೂ ದೇಶದ ರಸ್ತೆ ಮಿತಿ ಇದಕ್ಕಿಂತ ಕಡಿಮೆ ಇರಬಹುದು, ಮೊದ್ಲೇ ಕೇಳಿಟ್ಕೊಳ್ಳಿ.

ಬಾಕ್ಸ್ ತೂಕ 40 ಕೆಜಿ, ಏರ್‌ಲೈನ್ ಬಿಲ್ 80 ಕೆಜಿಗೆ. ಮೋಸ ಅಲ್ವಾ ಇದು?

ಮೋಸ ಅಲ್ಲ, ಅದು ಚಾರ್ಜೆಬಲ್ ತೂಕ. ವಿಮಾನದಲ್ಲಿ ಜಾಗಕ್ಕೂ ಬೆಲೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 6000ದಿಂದ ಭಾಗಿಸಿ. ನಿಮ್ಮ ಬಾಕ್ಸ್ 100, 80, 60 ಇದ್ರೆ 4,80,000 ಭಾಗ 6000, ಅಂದ್ರೆ 80. ನಿಜವಾದ ತೂಕ, ಈ ಲೆಕ್ಕದ ತೂಕ, ಎರಡರಲ್ಲಿ ದೊಡ್ಡದಕ್ಕೆ ಬಿಲ್. ಕೊರಿಯರ್ ಕಂಪನಿಗಳು ಹೆಚ್ಚಾಗಿ 5000ದಿಂದ ಭಾಗಿಸ್ತಾರೆ, ಆಗ ಇದೇ ಬಾಕ್ಸ್ 96 ಕೆಜಿ. ಬಾಕ್ಸನ್ನ ಸ್ವಲ್ಪ ಚಿಕ್ಕದು ಮಾಡೋಕಾಗತ್ತಾ ನೋಡಿ, ರೇಟ್ ಚೌಕಾಸಿ ಮಾಡೋದಕ್ಕಿಂತ ಅದ್ರಲ್ಲೇ ಜಾಸ್ತಿ ಉಳಿಯತ್ತೆ.

## ಇನ್‌ಕೋಟರ್ಮ್ಸ್: ಯಾರ ತಲೆ ಮೇಲೆ ಎಲ್ಲಿವರೆಗೆ

ಸಪ್ಲೈಯರ್ ಎಫ್‌ಒಬಿ ಅಂದ, ನಾನೂ ಸರಿ ಅಂದೆ. ಈಗ ನಾನು ಒಪ್ಕೊಂಡಿರೋದು ಏನು?

ಅವರ ಪೋರ್ಟಲ್ಲಿ ನೀವು ಹೇಳಿದ ಹಡಗಿನ ಮೇಲೆ ಮಾಲು ಇಡೋವರೆಗೂ ಖರ್ಚು, ರಿಸ್ಕ್, ಎಕ್ಸ್‌ಪೋರ್ಟ್ ಕ್ಲಿಯರೆನ್ಸ್ ಅವರದ್ದು, ಹಡಗು ಏರಿದ ಕ್ಷಣದಿಂದ ಎಲ್ಲಾ ನಿಮ್ಮದು, ಹಡಗಿನ ಬಾಡಿಗೆ, ಇನ್ಶೂರೆನ್ಸ್, ಈ ಕಡೆ ಕಸ್ಟಮ್ಸ್ ಎಲ್ಲಾ. ಎಫ್‌ಒಬಿ ಥರದ ಈ ನಿಯಮಗಳಿಗೆ ಇನ್‌ಕೋಟರ್ಮ್ಸ್ ಅಂತಾರೆ, ಮಾಡಿದ್ದು ಪ್ಯಾರಿಸಿನ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್, ಮೊದಲ ಸಲ 1936ರಲ್ಲಿ. ಈಗ ನಡೀತಿರೋದು 2020ರ ಆವೃತ್ತಿ, ಒಟ್ಟು 11 ನಿಯಮ, ಅದ್ರಲ್ಲಿ ಎಫ್‌ಎಎಸ್, ಎಫ್‌ಒಬಿ, ಸಿಎಫ್‌ಆರ್, ಸಿಐಎಫ್ ನಾಲ್ಕು ಜಲಮಾರ್ಗಕ್ಕೆ ಮಾತ್ರ, ಉಳಿದ ಏಳು ಯಾವ ಸಾರಿಗೆಗಾದ್ರೂ ಆಗತ್ತೆ.

ಬರೀ ಎಫ್‌ಒಬಿ ಅಂತ ಬರೆದ್ರೆ ಅರ್ಧ ಬರೆದ ಹಾಗೆ. ಪಕ್ಕದಲ್ಲಿ ಪೋರ್ಟಿನ ಹೆಸ್ರು, ಅದರ ಪಕ್ಕ ಇನ್‌ಕೋಟರ್ಮ್ಸ್ 2020 ಅಂತ ಇರ್ಲೇಬೇಕು. ಮತ್ತೆ ಮಾಲಿನ ಒಡೆತನ ಯಾವಾಗ ಬದಲಾಗತ್ತೆ, ದುಡ್ಡು ಯಾವಾಗ ಕೊಡ್ಬೇಕು, ಇದ್ಯಾವ್ದನ್ನೂ ಇನ್‌ಕೋಟರ್ಮ್ಸ್ ಹೇಳಲ್ಲ, ಅದನ್ನ ಕಾಂಟ್ರಾಕ್ಟಲ್ಲಿ ಬೇರೆ ಬರೀಬೇಕು.

ಕಂಟೈನರ್ ಮಾಲಿಗೆ ಎಫ್‌ಒಬಿ ಹಾಕ್ಬಾರದು ಅಂತಾರಲ್ಲ, ಎಲ್ಲರೂ ಹಾಕ್ತಾರಲ್ವಾ?

ಎಲ್ಲರೂ ಹಾಕ್ತಾರೆ, ಹೌದು. ಆದ್ರೂ ತಪ್ಪೇ. ಕಂಟೈನರನ್ನ ಟರ್ಮಿನಲ್ ಗೇಟಲ್ಲಿ ಒಪ್ಪಿಸಿ ಬಂದ ಮೇಲೆ ಅದು ಯಾರ್ಡಲ್ಲಿ ನಾಲ್ಕೈದು ದಿನ ನಿಂತಿರತ್ತೆ, ಆಮೇಲೆ ಹಡಗೇರತ್ತೆ. ಎಫ್‌ಒಬಿ ಪ್ರಕಾರ ಆ ನಾಲ್ಕೈದು ದಿನದ ರಿಸ್ಕ್ ಮಾರಿದವ್ರದ್ದೇ, ಆದ್ರೆ ಮಾಲು ಅವರ ಕೈಲಿಲ್ಲ, ಅವ್ರು ಅದರ ಹತ್ರ ಹೋಗೋಕೂ ಆಗಲ್ಲ. ಅದಕ್ಕೇ ಚೇಂಬರಿನವರೇ ಕಂಟೈನರಿಗೆ ಎಫ್‌ಸಿಎ ಹಾಕಿ ಅಂತಾರೆ, ಅದ್ರಲ್ಲಿ ಕ್ಯಾರಿಯರ್ (ಮಾಲು ಸಾಗಿಸೋರು) ಕೈಗೆ ಒಪ್ಪಿಸಿದ ಕೂಡ್ಲೇ ರಿಸ್ಕ್ ದಾಟತ್ತೆ. "ಬ್ಯಾಂಕು ಹಡಗೇರಿದೆ ಅಂತ ಬರೆದಿರೋ ಬಿಎಲ್ (ಬಿಲ್ ಆಫ್ ಲೇಡಿಂಗ್, ಲೈನು ಕೊಡೋ ಮಾಲಿನ ಕಾಗದ) ಕೇಳತ್ತೆ, ಎಫ್‌ಸಿಎ ಹಾಕಿದ್ರೆ ಸಿಗಲ್ಲ" ಅಂತ ಮೊದ್ಲು ಹಿಂಜರೀತಿದ್ರು. 2020ರ ಆವೃತ್ತಿಯಲ್ಲಿ ಅದಕ್ಕೂ ದಾರಿ ಮಾಡಿದಾರೆ, ಕೊಳ್ಳೋರು ಕ್ಯಾರಿಯರಿಗೆ ಹೇಳಿ ಆ ನಮೂದು ಇರೋ ಬಿಎಲ್ ಮಾರಿದವರಿಗೆ ಕೊಡಿಸ್ತೀನಿ ಅಂತ ಒಪ್ಕೋಬಹುದು.

ಸಿಐಎಫ್ ಅಲ್ಲಿ ಇನ್ಶೂರೆನ್ಸ್ ಅವರೇ ಮಾಡಿಸ್ತಾರೆ, ನಮ್ಮ ಪೋರ್ಟ್ ತನಕ ಅವರದೇ ರಿಸ್ಕ್ ಅಲ್ವಾ?

ಅಲ್ಲ. ಈ ಒಂದು ತಪ್ಪು ತಿಳುವಳಿಕೆಯಿಂದ ದುಡ್ಡು ಕಳ್ಕೊಂಡವ್ರನ್ನ ನಾನು ತುಂಬಾ ನೋಡಿದೀನಿ. ಸಿಐಎಫ್ ಪಕ್ಕ ನಿಮ್ಮ ಪೋರ್ಟಿನ ಹೆಸರು ಇರತ್ತೆ, ಹಾಗಾಗಿ ಅಲ್ಲಿವರೆಗೂ ಅವರ ತಲೆನೋವು ಅನ್ಸತ್ತೆ. ಅಲ್ಲಿವರೆಗೆ ಅವ್ರು ಕೊಡೋದು ಬಾಡಿಗೆ ಮತ್ತೆ ಪ್ರೀಮಿಯಂ ಮಾತ್ರ, ರಿಸ್ಕ್ ಅವರ ಪೋರ್ಟಲ್ಲಿ ಮಾಲು ಹಡಗೇರಿದಾಗಲೇ ನಿಮಗೆ ಬಂದಿರತ್ತೆ. ನಡು ಸಮುದ್ರದಲ್ಲಿ ಮಾಲು ಹೋದ್ರೆ ಇನ್ಶೂರೆನ್ಸ್ ಕಂಪನಿ ಹಿಂದೆ ಓಡಾಡ್ಬೇಕಾದವ್ರು ನೀವು.

ಅವ್ರು ಮಾಡಿಸೋ ಇನ್ಶೂರೆನ್ಸ್ ಎಂಥದ್ದು ಅಂದ್ರೆ, ನಿಯಮ ಕೇಳೋದು ಇನ್ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ಅನ್ನೋ ವಿಮೆ ಷರತ್ತುಗಳಲ್ಲಿ ಸಿ ಮಟ್ಟದ್ದು, ಮಾಲಿನ ಬೆಲೆಯ 110%ಗೆ. ಸಿ ಅಂದ್ರೆ ಬೆಂಕಿ, ಹಡಗು ಮುಳುಗೋದು, ಡಿಕ್ಕಿ, ಇಂಥ ಹೆಸರಿಸಿರೋ ದೊಡ್ಡ ಅನಾಹುತಗಳಿಗೆ ಮಾತ್ರ. ಕಳ್ಳತನಕ್ಕೆ ಇಲ್ಲ, ಮಾಲು ನೆನೆದಿದ್ದಕ್ಕೂ ಹೆಚ್ಚಾಗಿ ಇಲ್ಲ. ಎ ಮಟ್ಟದ್ದು ಬೇಕು ಅಂತ ಕಾಂಟ್ರಾಕ್ಟಲ್ಲಿ ಬರೆಸಿ, ಇಲ್ಲಾ ಸಿಎಫ್‌ಆರ್ (ಸಿಐಎಫ್ ಥರದ್ದೇ, ಇನ್ಶೂರೆನ್ಸ್ ಮಾತ್ರ ಇಲ್ಲ) ಮಾಡ್ಕೊಂಡು ಇನ್ಶೂರೆನ್ಸ್ ನೀವೇ ತಗೊಳ್ಳಿ. ಸಿಐಪಿಗೆ (ಇದ್ರಲ್ಲೂ ಬಾಡಿಗೆ, ಇನ್ಶೂರೆನ್ಸ್ ಮಾರೋರದ್ದು, ಯಾವ ಸಾರಿಗೆಗಾದ್ರೂ ಆಗತ್ತೆ) ಮಾತ್ರ 2020ರಿಂದ ಎ ಮಟ್ಟದ್ದೇ ಕಡ್ಡಾಯ, ಬೇರೆ ಥರ ಮಾತಾಡ್ಕೊಂಡಿಲ್ಲ ಅಂದ್ರೆ.

ಇಎಕ್ಸ್‌ಡಬ್ಲ್ಯು ರೇಟ್ ಕಡಿಮೆ, ಡಿಡಿಪಿ ಆರಾಮು. ಎರಡರಲ್ಲಿ ಒಂದು ತಗೊಂಡ್ರೆ ಆಯ್ತಲ್ವಾ?

ಎರಡೂ ತುದಿಗಳು, ಎರಡರಲ್ಲೂ ತೊಂದ್ರೆ ಇದೆ. ಇಎಕ್ಸ್‌ಡಬ್ಲ್ಯು ಅಂದ್ರೆ ಮಾರೋರು ಅವರ ಜಾಗದಲ್ಲೇ ಮಾಲು ಒಪ್ಪಿಸೋದು, ಅದ್ರಲ್ಲಿ ಮಾಲನ್ನ ಲಾರಿಗೆ ಏರಿಸೋದೂ ನಿಮ್ಮ ಜವಾಬ್ದಾರಿ, ಅವರ ದೇಶದ ಎಕ್ಸ್‌ಪೋರ್ಟ್ ಕ್ಲಿಯರೆನ್ಸ್ ಕೂಡ ನಿಮ್ಮದೇ, ಎಷ್ಟೋ ದೇಶದಲ್ಲಿ ಅಲ್ಲಿ ನೋಂದಣಿ ಇಲ್ಲದವ್ರು ಅದನ್ನ ಮಾಡೋಕೇ ಆಗಲ್ಲ. ಡಿಡಿಪಿ ಅದರ ತಿರುವುಮುರುವು, ಕೊಳ್ಳೋರ ದೇಶದ ಸುಂಕ, ತೆರಿಗೆ ಎಲ್ಲಾ ಮಾರೋರು ಕಟ್ಬೇಕು, ಅಲ್ಲಿ ಅವ್ರಿಗೆ ನೋಂದಣಿ ಇಲ್ಲಾಂದ್ರೆ ಕಟ್ಟಿದ ವ್ಯಾಟ್ ವಾಪಸ್ ಸಿಗಲ್ಲ, ಆ ಖರ್ಚು ಹೇಗಾದ್ರೂ ರೇಟಲ್ಲಿ ಸೇರ್ಕೊಂಡೇ ಬರತ್ತೆ. ಹೊಸಬ್ರಿಗೆ ನಾನು ಹೇಳೋದು ಎಫ್‌ಸಿಎ ಇಲ್ಲಾ ಡಿಎಪಿ (ಕೊಳ್ಳೋರ ಜಾಗದವರೆಗೆ ತಲುಪಿಸೋದು ಮಾರೋರು, ಅಲ್ಲಿಯ ಸುಂಕ ಕಟ್ಟೋದು ಕೊಳ್ಳೋರು), ಆಯಾ ದೇಶದ ಕಸ್ಟಮ್ಸ್ ಕೆಲಸ ಆಯಾ ದೇಶದವ್ರೇ ಮಾಡಿದ್ರೆ ಅರ್ಧ ಜಗಳ ಹುಟ್ಟೋದೇ ಇಲ್ಲ.

## ಕಾಗದ ಪತ್ರ

ಮಾಲು ಪೋರ್ಟಿಗೆ ಬಂದು ಕೂತಿದೆ, ಒರಿಜಿನಲ್ ಬಿಎಲ್ ಇನ್ನೂ ಕೊರಿಯರಲ್ಲಿದೆ. ಕಾಪಿ ತೋರ್ಸಿ ಬಿಡಿಸ್ಕೋಬಹುದಾ?

ಆಗಲ್ಲ, ಆಗ್ಲೂಬಾರದು. ಬಿಲ್ ಆಫ್ ಲೇಡಿಂಗ್ ಅನ್ನೋ ಆ ಒಂದು ಹಾಳೆ ಮೂರು ಕೆಲಸ ಮಾಡತ್ತೆ. ಮಾಲು ತಗೊಂಡಿದೀವಿ ಅನ್ನೋ ರಸೀದಿ, ಸಾಗಾಣಿಕೆ ಒಪ್ಪಂದದ ಸಾಕ್ಷಿ, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಮಾಲಿನ ಹಕ್ಕುಪತ್ರ. ಆರ್ಡರ್ ಬಿಎಲ್ ಆದ್ರೆ ಹಿಂದೆ ಸಹಿ ಹಾಕಿ ಇನ್ನೊಬ್ರಿಗೆ ದಾಟಿಸ್ಬಹುದು, ಹಡಗು ನಡು ಸಮುದ್ರದಲ್ಲಿ ಇದ್ದಾಗಲೇ ಮಾಲು ಎರಡು ಕೈ ಬದಲಾಯಿಸೋದು ಹೀಗೇ. ಸಾಮಾನ್ಯವಾಗಿ ಮೂರು ಒರಿಜಿನಲ್ ಕೊಡ್ತಾರೆ, ಒಂದು ಕೊಟ್ಟು ಮಾಲು ಬಿಡಿಸ್ಕೊಂಡ್ರೆ ಉಳಿದೆರಡಕ್ಕೆ ಬೆಲೆ ಇಲ್ಲ.

ಹತ್ತಿರದ ದಾರಿಯಲ್ಲಿ ಕಾಗದಕ್ಕಿಂತ ಹಡಗೇ ಮೊದ್ಲು ತಲುಪತ್ತೆ, ಆಗ ಎರಡು ದಾರಿ ಇದೆ. ಟೆಲೆಕ್ಸ್ ರಿಲೀಸ್ ಅಂದ್ರೆ ಮಾರಿದವ್ರು ಒರಿಜಿನಲ್ಲನ್ನ ತಮ್ಮ ಊರಲ್ಲೇ ಲೈನಿಗೆ ವಾಪಸ್ ಒಪ್ಪಿಸಿ, ಲೈನಿನವ್ರು ಇಳಿಯೋ ಕಡೆಯ ಆಫೀಸಿಗೆ ಬಿಟ್ಬಿಡಿ ಅಂತ ಮೆಸೇಜ್ ಕಳ್ಸೋದು. ಸೀ ವೇಬಿಲ್ ಅಲ್ಲಿ ಒರಿಜಿನಲ್ ಅನ್ನೋ ಮಾತೇ ಇಲ್ಲ, ಹೆಸರಿರೋರು ಗುರುತು ತೋರ್ಸಿದ್ರೆ ಸಾಕು. ಮಾರೋರಿಗೆ ಒಂದು ಮಾತು, ದುಡ್ಡು ಪೂರ್ತಿ ಕೈಗೆ ಬರೋವರೆಗೂ ಇವೆರಡಕ್ಕೂ ಒಪ್ಬೇಡಿ, ಒರಿಜಿನಲ್ ಬಿಎಲ್ ಕೈ ಬಿಟ್ರೆ ನಿಮ್ಮ ಹಿಡಿತ ಅಲ್ಲಿಗೆ ಮುಗೀತು. ವಿಮಾನದ ಏರ್ ವೇಬಿಲ್ ಕೂಡ ಹಕ್ಕುಪತ್ರ ಅಲ್ಲ, ಅದನ್ನ ಮರೀಬೇಡಿ.

ಫಾರ್ವರ್ಡರಿಗೆ ಪೂರ್ತಿ ಪೇಮೆಂಟ್ ಮಾಡಿದೀನಿ, ಲೈನಿನವ್ರು ಮಾಲು ಬಿಡಲ್ಲ ಅಂತಾರೆ. ಹೇಗೆ ಸಾಧ್ಯ?

ನಿಮ್ಮ ಕೈಲಿರೋದು ಫಾರ್ವರ್ಡರ್ ಕೊಟ್ಟ ಹೌಸ್ ಬಿಎಲ್. ಲೈನಿನವರ ಲೆಕ್ಕದಲ್ಲಿರೋದು ಮಾಸ್ಟರ್ ಬಿಎಲ್, ಅದ್ರಲ್ಲಿ ನಿಮ್ಮ ಹೆಸರೇ ಇರಲ್ಲ, ಫಾರ್ವರ್ಡರಿನ ಏಜೆಂಟ್ ಹೆಸರಿರತ್ತೆ. ಫಾರ್ವರ್ಡರ್ ಆ ಕಡೆ ಬಾಡಿಗೆ ಕಟ್ಟಿಲ್ಲ ಅಂದ್ರೆ ಲೈನು ಕಂಟೈನರ್ ಹಿಡ್ಕೊಂಡು ಕೂರತ್ತೆ, ನೀವು ಕೊಟ್ಟಿದೀರೋ ಇಲ್ವೋ ಅವ್ರಿಗೆ ಬೇಡ. ಅಗ್ಗದ ರೇಟ್ ನೋಡಿ ಮುಖ ಪರಿಚಯ ಇಲ್ಲದ ಫಾರ್ವರ್ಡರಿಗೆ ದೊಡ್ಡ ಮಾಲು ಕೊಡೋಕೆ ಮುಂಚೆ, ಅವರ ಜೊತೆ ಒಂದೆರಡು ವರ್ಷ ಕೆಲಸ ಮಾಡಿದವ್ರನ್ನ ಕೇಳಿ.

ಎಲ್‌ಸಿ ಇದ್ರೆ ದುಡ್ಡು ಗ್ಯಾರಂಟಿ ಅಲ್ವಾ?

ಎಲ್‌ಸಿ ಅಂದ್ರೆ ಲೆಟರ್ ಆಫ್ ಕ್ರೆಡಿಟ್, ಕೇಳಿದ ಕಾಗದ ಕೊಟ್ರೆ ದುಡ್ಡು ಕೊಡ್ತೀನಿ ಅಂತ ಕೊಳ್ಳೋರ ಬ್ಯಾಂಕು ಕೊಡೋ ಮಾತು. ಕಾಗದ ಸರಿ ಇದ್ರೆ ಗ್ಯಾರಂಟಿ. ಬ್ಯಾಂಕು ನೋಡೋದು ಕಾಗದ ಮಾತ್ರ, ಮಾಲನ್ನಲ್ಲ, ಇದು ಯುಸಿಪಿ 600 ಅನ್ನೋ ಎಲ್‌ಸಿ ನಿಯಮಾವಳಿಯ 5ನೇ ವಿಧಿಯಲ್ಲೇ ಇದೆ. 2007ರ ಜುಲೈ 1ರಿಂದ ನಡೀತಿರೋ ನಿಯಮ ಅದು. ಅದರ ಪ್ರಕಾರ ಮಾಲು ಹಡಗೇರಿದ 21 ದಿನದೊಳಗೆ, ಎಲ್‌ಸಿ ಅವಧಿ ಮುಗಿಯೋಕೆ ಮುಂಚೆ, ಕಾಗದ ಬ್ಯಾಂಕಿಗೆ ಕೊಡ್ಬೇಕು, ಎಲ್‌ಸಿಯಲ್ಲಿ ಬೇರೆ ದಿನ ಹೇಳಿದ್ರೆ ಅದು. ಬ್ಯಾಂಕಿಗೆ ನೋಡೋಕೆ ಇರೋದು 5 ಬ್ಯಾಂಕಿಂಗ್ ದಿನ.

ಒಂದು ಸಲ ನನ್ನ ಕೈಯಿಂದಲೇ ಆಗಿದ್ದು ಹೇಳ್ತೀನಿ. ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಎಲ್ ಎಲ್ಲಾ ಎರಡೆರಡು ಸಲ ನೋಡಿ ಕಳ್ಸಿದ್ದೆ. ಇನ್ಶೂರೆನ್ಸ್ ಸರ್ಟಿಫಿಕೇಟ್ ತಾರೀಖು ಬಿಎಲ್ ತಾರೀಖಿಗಿಂತ ಒಂದು ದಿನ ಮುಂದಿನದು ಆಗೋಗಿತ್ತು, ಅಂದ್ರೆ ಹಡಗೇರಿದಾಗ ವಿಮೆ ಇರ್ಲಿಲ್ಲ ಅಂತ ಕಾಗದ ಹೇಳ್ತಿತ್ತು. ಬ್ಯಾಂಕು ಡಿಸ್ಕ್ರೆಪೆನ್ಸಿ (ಕಾಗದ ಹೊಂದಲ್ಲ ಅನ್ನೋ ಆಕ್ಷೇಪ) ಹಾಕಿ ನಿಲ್ಲಿಸ್ತು. ಕೊಂಡವ್ರು ಒಳ್ಳೆಯವ್ರು, ಒಪ್ಕೊಂಡ್ರು, ದುಡ್ಡು ಬಂತು, ಆದ್ರೆ ಮಾರ್ಕೆಟ್ ಬೆಲೆ ಬಿದ್ದಿದ್ರೆ ಅದೇ ಒಂದು ದಿನದ ವ್ಯತ್ಯಾಸ ಹಿಡ್ಕೊಂಡು ಬೆಲೆ ಇಳಿಸಿ ಅಂತ ಕೂರಬಹುದಿತ್ತು. ಅವತ್ತಿಂದ ಎಲ್‌ಸಿ ಬಂದ ದಿನವೇ ಒಂದು ಪ್ರಿಂಟ್ ತೆಗೆದು, ಪ್ರತಿ ತಾರೀಖಿಗೂ ಪೆನ್ನಲ್ಲಿ ಸುತ್ತು ಹಾಕಿ ಗೋಡೆಗೆ ಅಂಟಿಸ್ತೀನಿ. ನಮ್ಮಿಂದ ಆಗದ ಷರತ್ತು ಕಂಡ್ರೆ ಮಾಲು ಹೊರಡೋಕೆ ಮುಂಚೆಯೇ ತಿದ್ದುಪಡಿ ಕೇಳ್ಬೇಕು, ಹಡಗು ಹೊರಟ ಮೇಲೆ ಕೇಳಿದ್ರೆ ಯಾರಿಗೂ ಅವಸರ ಇರಲ್ಲ.

ಬಿಎಲ್ ಮೇಲೆ "ಪ್ಯಾಕಿಂಗ್ ಸೋರ್ತಿದೆ" ಅಂತ ಬರೆದ್ಬಿಟ್ಟಿದಾರೆ. ಒಂದು ಲೆಟರ್ ಕೊಟ್ಟು ಕ್ಲೀನ್ ಬಿಎಲ್ ತಗೋಬಹುದು ಅಂತಾರೆ, ತಗೊಳ್ಳಾ?

ಬೇಡ. ಲೆಟರ್ ಆಫ್ ಇಂಡೆಮ್ನಿಟಿ (ಆಮೇಲೆ ನಷ್ಟ ಆದ್ರೆ ನಾವು ತುಂಬ್ಕೊಡ್ತೀವಿ ಅಂತ ಲೈನಿಗೆ ಬರೆದುಕೊಡೋ ಪತ್ರ) ಕೊಟ್ಟು ಕ್ಲೀನ್ ಬಿಎಲ್, ಅಂದ್ರೆ ದೋಷದ ನಮೂದು ಇಲ್ಲದ್ದು, ತಗೊಳ್ಳೋದು ಕೊಳ್ಳೋರಿಗೆ ಸುಳ್ಳು ಹೇಳಿದ ಹಾಗೆ. 1957ರಲ್ಲಿ ಇಂಗ್ಲೆಂಡಿನ ಅಪೀಲು ಕೋರ್ಟಿಗೆ ಇಂಥದ್ದೇ ಕೇಸು ಬಂದಿತ್ತು, ಕಿತ್ತಳೆ ರಸದ ಪೀಪಾಯಿಗಳು ಹಳೆಯವು, ಸೋರ್ತಿದ್ವು, ಆದ್ರೂ ಲೆಟರ್ ತಗೊಂಡು ಕ್ಲೀನ್ ಬಿಎಲ್ ಕೊಟ್ಟಿದ್ರು. ಆಮೇಲೆ ಆ ಲೆಟರ್ ತೋರ್ಸಿ ದುಡ್ಡು ಕೇಳಿದ್ರೆ ಕೋರ್ಟು ಕೊಡಿಸಲ್ಲ ಅಂತು, ಮೋಸದ ಮೇಲೆ ನಿಂತ ಕಾಗದ ನಿಲ್ಲಲ್ಲ ಅಂತ. ಪ್ಯಾಕಿಂಗ್ ಸರಿ ಮಾಡ್ಸಿ, ಇಲ್ಲಾ ಕೊಳ್ಳೋರಿಗೆ ಇದ್ದಿದ್ದು ಇದ್ದ ಹಾಗೆ ಹೇಳಿ.

ಬಿಎಲ್ ಎಲೆಕ್ಟ್ರಾನಿಕ್ ಆಗಿದೆ ಅಂತ ಕೇಳ್ದೆ, ಇನ್ನೂ ಯಾಕೆ ಕೊರಿಯರ್ ಮಾಡ್ತಾರೆ?

ತಂತ್ರಜ್ಞಾನ ರೆಡಿ ಇದೆ, ಕಾನೂನು ಒಂದೊಂದೇ ದೇಶದಲ್ಲಿ ಬರ್ತಿದೆ. ವಿಶ್ವಸಂಸ್ಥೆಯ ಅನ್‌ಸಿಟ್ರಾಲ್ 2017ರಲ್ಲಿ ಒಂದು ಮಾದರಿ ಕಾನೂನು ಕೊಡ್ತು. ಎಷ್ಟೋ ಬಿಎಲ್‌ಗಳಿಗೆ ಇಂಗ್ಲಿಷ್ ಕಾನೂನೇ ಅನ್ವಯ ಆಗೋದ್ರಿಂದ ಬ್ರಿಟನ್ 2023ರ ಸೆಪ್ಟೆಂಬರ್ 20ರಿಂದ ಜಾರಿಗೆ ತಂದ ಕಾಯ್ದೆ ದೊಡ್ಡ ಹೆಜ್ಜೆ. ದೊಡ್ಡ ಕಂಟೈನರ್ ಲೈನುಗಳು 2030ರೊಳಗೆ ಪೂರ್ತಿ ಎಲೆಕ್ಟ್ರಾನಿಕ್ ಮಾಡ್ತೀವಿ ಅಂತ ಮಾತು ಕೊಟ್ಟಿದಾರೆ. ಆದ್ರೆ ಮಾರೋರು, ಕೊಳ್ಳೋರು, ಎರಡೂ ಬ್ಯಾಂಕು, ಲೈನು, ಎಲ್ಲರೂ ಒಪ್ಪಿದ್ರೆ ಮಾತ್ರ ಕೆಲಸ ಆಗತ್ತೆ, ಒಬ್ರು ಕಾಗದ ಕೇಳಿದ್ರೆ ಮತ್ತೆ ಕೊರಿಯರೇ.

## ಕಸ್ಟಮ್ಸ್ ಮತ್ತೆ ಮಾಲಿನ ನಿಯಮಗಳು

ಎಚ್‌ಎಸ್ ಕೋಡ್ ಸಪ್ಲೈಯರ್ ಕೊಟ್ಟಿದ್ದನ್ನೇ ಹಾಕಿದ್ರೆ ಸಾಕಲ್ವಾ?

ಎಚ್‌ಎಸ್ ಕೋಡ್ ಅಂದ್ರೆ ಸುಂಕ ಹಾಕೋಕೆ ಪ್ರತಿ ಥರದ ಮಾಲಿಗೂ ಇರೋ ನಂಬರು. ಮೊದಲ 6 ಅಂಕಿ ಜಗತ್ತಿಗೆಲ್ಲಾ ಒಂದೇ, ಆಮೇಲಿನವು ಆಯಾ ದೇಶದ್ದು, ಹಾಗಾಗಿ ಅವರ 8 ಇಲ್ಲಾ 10 ಅಂಕಿ ನಿಮ್ಮಲ್ಲಿ ಕೆಲಸಕ್ಕೆ ಬರಲ್ಲ. ಮೊದಲ 6 ಕೂಡ ಸರಿ ಇದೆ ಅಂತ ನಂಬ್ಬೇಡಿ. ಒಂದು ಶರ್ಟ್ ತಗೊಳ್ಳಿ, ಗಂಡಸರ ಹತ್ತಿ ಶರ್ಟ್. ಬಟ್ಟೆಯನ್ನ ಭೂತಗನ್ನಡಿ ಇಟ್ಟು ನೋಡಿ, ಎಳೆಗಳು ಅಡ್ಡ ಉದ್ದ ದಾಟಿದ್ರೆ ನೇಯ್ದಿದ್ದು, 62ನೇ ಅಧ್ಯಾಯ, 6205.20. ಎಳೆ ಕುಣಿಕೆ ಕುಣಿಕೆಯಾಗಿ ಒಂದರಲ್ಲಿ ಒಂದು ಸಿಕ್ಕಿದ್ರೆ ಹೆಣೆದಿದ್ದು, 61ನೇ ಅಧ್ಯಾಯ, 6105.10. ನೋಡೋಕೆ ಎರಡೂ ಶರ್ಟೇ, ಆದ್ರೆ ಅಧ್ಯಾಯವೇ ಬೇರೆ, ಸುಂಕವೂ ಬೇರೆ ಇರಬಹುದು.

ಈ ಪದ್ಧತಿ ನಡೆಸೋದು ಬ್ರಸೆಲ್ಸಿನ ವಿಶ್ವ ಕಸ್ಟಮ್ಸ್ ಸಂಸ್ಥೆ, ಜಾರಿಗೆ ಬಂದಿದ್ದು 1988ರ ಜನವರಿ 1ಕ್ಕೆ. ಸುಮಾರು ಐದು ವರ್ಷಕ್ಕೊಂದು ಸಲ ಬದಲಾಗತ್ತೆ, 2022ರ ಆವೃತ್ತಿ ಆದ್ಮೇಲೆ ಮುಂದಿನದು 2028ಕ್ಕೆ. ಹಳೇ ಇನ್ವಾಯ್ಸಿಂದ ಕಾಪಿ ಹೊಡೆಯೋರು ಇಲ್ಲೇ ಸಿಕ್ಕಿಬೀಳೋದು. ಗೊಂದಲ ಇದ್ರೆ ಮಾಲು ತರಿಸೋಕೆ ಮುಂಚೆ ಕಸ್ಟಮ್ಸಿಂದ ಅಡ್ವಾನ್ಸ್ ರೂಲಿಂಗ್ (ಯಾವ ಕೋಡ್ ಅಂತ ಮೊದ್ಲೇ ಬರೆದು ಕೊಡೋ ತೀರ್ಮಾನ) ಕೇಳಿ. 2017ರಲ್ಲಿ ಜಾರಿಗೆ ಬಂದ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ವ್ಯಾಪಾರ ಸೌಲಭ್ಯ ಒಪ್ಪಂದದಲ್ಲಿ ಇದು ಇದೆ, ಆದ್ರೂ ಉಪಯೋಗಿಸ್ಕೊಳ್ಳೋರು ತೀರಾ ಕಮ್ಮಿ.

ಇನ್ವಾಯ್ಸಲ್ಲಿ ಬೆಲೆ ಸ್ವಲ್ಪ ಕಡಿಮೆ ತೋರ್ಸಿದ್ರೆ ಏನಾಗತ್ತೆ? ಎಲ್ಲರೂ ಮಾಡ್ತಾರೆ ಅಂತಾರೆ.

ಮಾಡ್ಬೇಡಿ. ಕಸ್ಟಮ್ಸ್ ಮೊದ್ಲು ನೋಡೋದು ನೀವು ನಿಜವಾಗಿ ಕೊಟ್ಟ, ಕೊಡ್ಬೇಕಾದ ಬೆಲೆಯನ್ನ. ಅದನ್ನ ನಂಬೋಕೆ ಆಗಲ್ಲ ಅಂತ ಕಂಡ್ರೆ ಡಬ್ಲ್ಯುಟಿಒ ಒಪ್ಪಂದದಲ್ಲಿ ಇನ್ನೂ ಐದು ವಿಧಾನ ಇದೆ, ಅಂಥದ್ದೇ ಮಾಲು ಬೇರೆಯವ್ರು ತಂದ ಬೆಲೆ ತೆಗೆದು ಪಕ್ಕದಲ್ಲಿಡ್ತಾರೆ. ದಂಡ, ಕೇಸು ಒಂದು ಕಡೆ. ಮಾಲು ಹಾಳಾದ್ರೆ ವಿಮೆ ಕ್ಲೇಮಿಗೂ ಅದೇ ಇನ್ವಾಯ್ಸ್ ತೋರಿಸ್ಬೇಕಲ್ವಾ, ಅರ್ಧ ಬೆಲೆ ಬರೆದಿದ್ರೆ ಅರ್ಧವೇ ಸಿಗೋದು.

ತಿಳಿಯದೇ ಆಗೋ ತಪ್ಪುಗಳೂ ಇವೆ. ಅಚ್ಚು, ಡಿಸೈನು ನೀವೇ ಪುಕ್ಕಟೆ ಕಳ್ಸಿ ಅದ್ರಲ್ಲಿ ಮಾಲು ಮಾಡಿಸಿದ್ರೆ ಆ ಅಚ್ಚಿನ ಬೆಲೆಯ ಪಾಲು ಕೂಡ ಕಸ್ಟಮ್ಸಿಗೆ ತೋರ್ಸೋ ಬೆಲೆಗೆ ಸೇರ್ಬೇಕು, ಮಾಲು ಮಾರಾಟಕ್ಕೆ ಷರತ್ತಾಗಿರೋ ರಾಯಲ್ಟಿಯೂ ಸೇರ್ಬೇಕು. ಹಡಗಿನ ಬಾಡಿಗೆ ಸೇರ್ಸೋದು ಬಿಡೋದು ದೇಶಕ್ಕೆ ಬಿಟ್ಟಿದ್ದು, ಹೆಚ್ಚಿನ ದೇಶಗಳು ಸಿಐಎಫ್ ಬೆಲೆ ಮೇಲೆ ಸುಂಕ ಹಾಕ್ತವೆ, ಅಮೆರಿಕ ಎಫ್‌ಒಬಿ ಬೆಲೆ ಮೇಲೆ.

ಮೂರನೇ ದೇಶದ ಮೂಲಕ ತಿರುಗಿಸಿ ತಂದ್ರೆ ಆ ದೇಶದ ಮಾಲು ಅಂತ ಸುಂಕ ಕಡಿಮೆ ಆಗತ್ತಾ?

ಆಗಲ್ಲ. ಮಾಲಿನ ಮೂಲ ಅಂದ್ರೆ ಅದು ತಯಾರಾದ ಜಾಗ, ಹಾದು ಬಂದ ಜಾಗ ಅಲ್ಲ. ಬೇರೆ ದೇಶದ ಬಿಡಿಭಾಗ ಇದ್ರೆ ಎಚ್‌ಎಸ್ ಶೀರ್ಷಿಕೆ ಬದಲಾಗೋ ಅಷ್ಟು ಕೆಲಸ ಆಗಿದ್ಯಾ, ಇಂತಿಷ್ಟು ಶೇಕಡ ಮೌಲ್ಯ ಅಲ್ಲೇ ಸೇರಿದ್ಯಾ ಅಂತ ಸುಂಕ ರಿಯಾಯಿತಿ ಕೊಡೋ ವ್ಯಾಪಾರ ಒಪ್ಪಂದದಲ್ಲಿ ಬರೆದಿರತ್ತೆ. ಡಬ್ಬಿ ಬದಲಾಯಿಸಿ ಲೇಬಲ್ ಅಂಟಿಸಿದ್ರೆ ಮೂಲ ಬದಲಾಗಲ್ಲ. ಉಲ್ಟಾ ತೊಂದ್ರೆಯೂ ಇದೆ, ನಿಜವಾಗಿ ರಿಯಾಯಿತಿಗೆ ಅರ್ಹವಾದ ಮಾಲು ದಾರಿಯಲ್ಲಿ ಇನ್ನೊಂದು ಬಂದರಲ್ಲಿ ಹಡಗು ಬದಲಾಯಿಸಿದ್ರೆ, ಅಲ್ಲಿ ಅದನ್ನ ಯಾರೂ ಮುಟ್ಟಿಲ್ಲ ಅನ್ನೋದಕ್ಕೆ ಕಾಗದ ಕೇಳ್ತಾರೆ. ಥ್ರೂ ಬಿಎಲ್ (ಹೊರಟಲ್ಲಿಂದ ತಲುಪೋವರೆಗೂ ಒಂದೇ ಬಿಎಲ್) ಇಟ್ಕೊಂಡಿರಿ.

ಮರದ ಪ್ಯಾಲೆಟ್ ನೋಡಿ ಮಾಲನ್ನೇ ವಾಪಸ್ ಕಳ್ಸಿದ್ರು. ಪ್ಯಾಲೆಟ್‌ಗೂ ಸರ್ಟಿಫಿಕೇಟ್ ಬೇಕಾ?

ಸರ್ಟಿಫಿಕೇಟ್ ಅಲ್ಲ, ಮುದ್ರೆ. ಐಎಸ್‌ಪಿಎಂ 15 ಅನ್ನೋ ನಿಯಮ, ಮರದೊಳಗಿನ ಹುಳ ಇನ್ನೊಂದು ದೇಶದ ಕಾಡು ತಿನ್ನಬಾರದು ಅಂತ. ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಕಾವು 30 ನಿಮಿಷ ಬಿಡದೇ ತಾಗಬೇಕು, ಆಮೇಲೆ ತೆನೆಯ ಚಿತ್ರ, ದೇಶದ ಕೋಡ್, ತಯಾರಕರ ನಂಬರು, ಎಚ್‌ಟಿ ಅನ್ನೋ ಅಕ್ಷರ ಇರೋ ಮುದ್ರೆ ಹಾಕ್ತಾರೆ. ಪ್ಲೈವುಡ್ಡಿಗೆ, 6 ಮಿಲಿಮೀಟರಿಗಿಂತ ತೆಳ್ಳಗಿರೋ ಮರಕ್ಕೆ ಇದು ಬೇಡ. ಪ್ಯಾಲೆಟ್ ಸರಿ ಇದ್ದು ಕಂಟೈನರೊಳಗೆ ಮಾಲು ಅಲ್ಲಾಡದ ಹಾಗೆ ಯಾರೋ ಎರಡು ಹಸಿ ಹಲಗೆ ತುರುಕಿರ್ತಾರೆ ನೋಡಿ, ಅದಕ್ಕೂ ಇದೇ ನಿಯಮ, ಹೆಚ್ಚಾಗಿ ಸಿಕ್ಕಿಬೀಳೋದು ಆ ಹಲಗೆಯಿಂದಲೇ.

ನಂದು ಬರೀ ಪವರ್ ಬ್ಯಾಂಕ್, ಅದ್ಹೇಗೆ ಅಪಾಯಕಾರಿ ಸರಕು ಆಗತ್ತೆ?

ಲಿಥಿಯಂ ಬ್ಯಾಟರಿ ಒಂಬತ್ತನೇ ವರ್ಗದ ಅಪಾಯಕಾರಿ ಸರಕು. ಇಂಥ ಸರಕಿಗೆಲ್ಲಾ ವಿಶ್ವಸಂಸ್ಥೆಯ ಒಂದು ಯುಎನ್ ನಂಬರ್ ಇರತ್ತೆ: ಲಿಥಿಯಂ ಅಯಾನ್ ಬ್ಯಾಟರಿ ಮಾತ್ರ ಹೋದ್ರೆ ಯುಎನ್ 3480, ಉಪಕರಣದ ಒಳಗೆ ಇಲ್ಲಾ ಜೊತೆಗೆ ಹೋದ್ರೆ ಯುಎನ್ 3481. ಪವರ್ ಬ್ಯಾಂಕನ್ನ ಬ್ಯಾಟರಿ ಅಂತಲೇ ಲೆಕ್ಕ ಹಾಕ್ತಾರೆ, ಅಂದ್ರೆ 3480. ಅದು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹೋಗೋ ಹಾಗಿಲ್ಲ, ಸರಕು ವಿಮಾನದಲ್ಲೂ ಚಾರ್ಜ್ 30% ಮೀರಿರಬಾರದು, ಇದು 2016ರ ಏಪ್ರಿಲಿಂದ ಇದೆ. ಹಡಗಿಗೆ ಐಎಂಡಿಜಿ ಕೋಡ್ ಅನ್ನೋ ಅಪಾಯಕಾರಿ ಸರಕಿನ ನಿಯಮ ಬೇರೆ. ಮುಚ್ಚಿಟ್ಟು "ಎಲೆಕ್ಟ್ರಾನಿಕ್ ಸಾಮಾನು" ಅಂತ ಬರೆಸೋರಿಗೆ ಕೈಮುಗಿದು ಕೇಳ್ಕೊಳ್ತೀನಿ, ಹಡಗಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಇರ್ತಾರೆ, ಬೆಂಕಿ ಹತ್ತಿದ್ರೆ ಅವ್ರಿಗೆ ಓಡಿಹೋಗೋಕೆ ಜಾಗ ಇಲ್ಲ.

## ಬಂದರಲ್ಲಿ, ಸಮುದ್ರದಲ್ಲಿ

ಡೆಮರೇಜ್ ಒಂದು ಬಿಲ್, ಡಿಟೆನ್ಶನ್ ಇನ್ನೊಂದು ಬಿಲ್. ಒಂದೇ ಮಾಲಿಗೆ ಎರಡು ಸಲ ಕೊಡ್ಬೇಕಾ?

ಎರಡೂ ಬೇರೆ ಬೇರೆ ದಿನಗಳಿಗೆ. ತುಂಬಿದ ಕಂಟೈನರ್ ಟರ್ಮಿನಲ್ ಒಳಗೆ ಫ್ರೀ ದಿನ ಮೀರಿ ಕೂತ್ರೆ ಡೆಮರೇಜ್. ಹೊರಗೆ ತಂದ್ಮೇಲೆ ಖಾಲಿ ಮಾಡಿ ವಾಪಸ್ ಕೊಡೋದು ತಡ ಆದ್ರೆ ಡಿಟೆನ್ಶನ್. ಇದರ ಜೊತೆ ಟರ್ಮಿನಲಿನವರ ಜಾಗದ ಬಾಡಿಗೆ ಮೂರನೇದು. ದಿನ ಹೋದಂಗೆ ದರ ಹಂತ ಹಂತವಾಗಿ ಏರತ್ತೆ, ರಜಾ ದಿನ ಕೂಡ ಸಾಮಾನ್ಯವಾಗಿ ಲೆಕ್ಕಕ್ಕೆ ಬರತ್ತೆ. ಮಾಲಿನ ಬೆಲೆಗಿಂತ ಬಿಲ್ ದೊಡ್ಡದಾಗಿ ಕಂಟೈನರನ್ನ ಅಲ್ಲೇ ಬಿಟ್ಟು ಹೋಗಿರೋದನ್ನ ಕಣ್ಣಾರೆ ನೋಡಿದೀನಿ. ಆರು ತಿಂಗಳು ಬಿಸಿಲಲ್ಲಿ ನಿಂತಿದ್ದ ಒಂದರ ಬಾಗಿಲು ತೆಗೆದಾಗ ಎದುರಿಗೆ ನಿಲ್ಲೋಕೆ ಆಗ್ಲಿಲ್ಲ.

ಬುಕಿಂಗ್ ಮಾಡುವಾಗಲೇ ಎಷ್ಟು ಫ್ರೀ ದಿನ, ಅದು ಯಾವತ್ತಿಂದ ಲೆಕ್ಕ ಅಂತ ಬರವಣಿಗೆಯಲ್ಲಿ ತಗೊಳ್ಳಿ, 7 ದಿನವನ್ನ 14 ಮಾಡಿಸ್ಕೊಳ್ಳೋಕೆ ಆಗೋದು ಆಗ ಮಾತ್ರ. ಹಡಗು ಬರೋಕೆ ಮುಂಚೆಯೇ ಕಾಗದ ಫೈಲ್ ಮಾಡೋ ಅವಕಾಶ ಇದ್ರೆ ಬಿಡ್ಬೇಡಿ. ಬಿಲ್ ಬಂದ್ರೆ ಕಣ್ಮುಚ್ಚಿ ಕಟ್ಬೇಡಿ, ಟರ್ಮಿನಲಿನವ್ರೇ ಅಪಾಯಿಂಟ್‌ಮೆಂಟ್ ಕೊಡದ ದಿನಗಳನ್ನೂ ಸೇರಿಸಿದಾರಾ ನೋಡಿ. ಅಮೆರಿಕದಲ್ಲಿ 2024ರ ಮೇ 28ರಿಂದ ಇಂಥ ಬಿಲ್ಲನ್ನ 30 ದಿನದೊಳಗೆ, ಪೂರ್ತಿ ವಿವರದ ಜೊತೆ ಕೊಡ್ಬೇಕು ಅಂತ ನಿಯಮ ಬಂದಿದೆ.

ವಿಜಿಎಂ ಅಂತ ಒಂದು ಕೇಳ್ತಾರೆ, ಬಿಎಲ್ ಅಲ್ಲೇ ತೂಕ ಇದ್ಯಲ್ಲ?

ಬಿಎಲ್ ಅಲ್ಲಿರೋದು ಮಾಲಿನ ತೂಕ, ವಿಜಿಎಂ ಅಂದ್ರೆ ಪ್ಯಾಲೆಟ್, ಹಗ್ಗ, ಕಂಟೈನರ್ ಎಲ್ಲಾ ಸೇರಿ ತೂಗಿ ಖಚಿತಪಡಿಸಿದ ತೂಕ. ಸೋಲಾಸ್ ಅನ್ನೋ ಹಡಗು ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದಡಿ 2016ರ ಜುಲೈ 1ರಿಂದ ಕಡ್ಡಾಯ, ಇದಿಲ್ಲದೇ ಹಡಗಿಗೆ ಏರಿಸೋ ಹಾಗಿಲ್ಲ. ತುಂಬಿದ ಕಂಟೈನರನ್ನ ತೂಗಬಹುದು, ಇಲ್ಲಾ ಒಳಗಿಟ್ಟಿದ್ದನ್ನೆಲ್ಲಾ ತೂಗಿ ಬಾಗಿಲ ಮೇಲಿರೋ ಟೇರ್ (ಖಾಲಿ ಕಂಟೈನರಿನ) ತೂಕ ಕೂಡಿಸ್ಬಹುದು. ಅಂದಾಜು ಹಾಕ್ಬೇಡಿ. ಒಂದರ ಮೇಲೊಂದು ಕಟ್ಟಿದ ಸಾಲಲ್ಲಿ ಭಾರದ್ದು ಮೇಲೆ ಕೂತ್ರೆ ಸಾಲೇ ಕುಸಿಯತ್ತೆ.

ಕಂಟೈನರಿಗೆ ತೂತಿಲ್ಲ, ಮಳೆನೂ ಬಿದ್ದಿಲ್ಲ, ಮಾಲು ನೆನೆದಿದೆ. ನೀರು ಎಲ್ಲಿಂದ ಬಂತು?

ಒಳಗಿಂದಲೇ. ಹಗಲು ಬಿಸಿಲಿಗೆ ಮರ, ರಟ್ಟು, ಮಾಲು ತೇವ ಬಿಡತ್ತೆ, ರಾತ್ರಿ ಉಕ್ಕಿನ ಚಾವಣಿ ತಣ್ಣಗಾದಾಗ ಆ ತೇವ ಅಲ್ಲಿ ಹನಿಗಟ್ಟಿ ಬೀಳತ್ತೆ, ವಾರಗಟ್ಲೆ ಹೀಗೇ ನಡೆಯತ್ತೆ. ಬಾಗಿಲು ತೆಗೆದಾಗ ಮುಗ್ಗಲು ವಾಸನೆ ಹೊಡೆದು, ಮೇಲಿನ ಸಾಲಿನ ರಟ್ಟಿನ ಮೇಲೆ ಮಾತ್ರ ಚಾವಣಿಯ ಏಣುಗಳ ಅಂತರಕ್ಕೆ ಸರಿಯಾಗಿ ಸಾಲು ಸಾಲು ಕಲೆ ಕಂಡ್ರೆ ಇದೇ. ನೆಲದಿಂದ ಮೇಲಕ್ಕೆ ನೆನೆದಿದ್ರೆ ಬೇರೆ ಕಾರಣ ಹುಡುಕಿ.

ಒಣಗಿದ ಪ್ಯಾಲೆಟ್ ಹಾಕಿ, ತೇವ ಹೀರೋ ಚೀಲ ಪ್ರಯಾಣದ ದಿನಕ್ಕೆ ತಕ್ಕಷ್ಟು ನೇತುಹಾಕಿ. ತೂತಿನ ಅನುಮಾನ ಬಾರದ ಹಾಗೆ ಲೋಡಿಂಗಿಗೆ ಮುಂಚೆ ಖಾಲಿ ಕಂಟೈನರೊಳಗೆ ಒಬ್ರು ನಿಂತು, ಹೊರಗೆ ಒಬ್ರನ್ನ ಕಾವಲು ನಿಲ್ಲಿಸಿ, ಬಾಗಿಲು ಮುಚ್ಚಿಸಿ ನೋಡ್ಬೇಕು. ಎಲ್ಲಾದ್ರೂ ಸೂಜಿಮೊನೆಯಷ್ಟು ಬೆಳಕು ಕಂಡ್ರೂ ವಾಪಸ್ ಕಳ್ಸಿ. ಕೊನೆಗೆ ಬೋಲ್ಟ್ ಸೀಲಿನ ನಂಬರ್ ಕಾಣೋ ಹಾಗೆ ಫೋಟೋ. ಪ್ಯಾಕಿಂಗ್ ಸಾಲದು ಅಂತಾದ್ರೆ ಎ ಮಟ್ಟದ ವಿಮೆಯೂ ಕೊಡಲ್ಲ, ಅದಕ್ಕೇ ಇಷ್ಟು ಹೇಳಿದ್ದು.

ಮಾಲು ಹಾಳಾಗಿದ್ದು ಲೈನಿನ ತಪ್ಪು ಅಂತ ಸಾಬೀತಾಗಿದೆ. ಪೂರ್ತಿ ಬೆಲೆ ಸಿಗತ್ತೆ ತಾನೇ?

ಬಹಳ ಸಲ ಸಿಗಲ್ಲ. ಹಡಗಿನವರ ಹೊಣೆಗೆ ಮಿತಿ ಹಾಕೋ ಅಂತರರಾಷ್ಟ್ರೀಯ ನಿಯಮಗಳಿವೆ. ಹೇಗ್-ವಿಸ್ಬಿ ನಿಯಮ ಅನ್ವಯ ಆದ್ರೆ ಒಂದು ಪ್ಯಾಕೇಜಿಗೆ 666.67 ಎಸ್‌ಡಿಆರ್, ಇಲ್ಲಾ ಕೆಜಿಗೆ 2 ಎಸ್‌ಡಿಆರ್, ಯಾವ್ದು ಜಾಸ್ತಿನೋ ಅಷ್ಟೇ ಮಿತಿ. ಎಸ್‌ಡಿಆರ್ ಅನ್ನೋದು ಐಎಂಎಫಿನ ಲೆಕ್ಕದ ಘಟಕ. ಹ್ಯಾಂಬರ್ಗ್ ನಿಯಮದ ದೇಶದಲ್ಲಿ 835 ಮತ್ತೆ 2.5. ವಿಮಾನಕ್ಕೆ ಮಾಂಟ್ರಿಯಲ್ ಒಪ್ಪಂದ, ಕೆಜಿಗೆ 26 ಎಸ್‌ಡಿಆರ್, 2024ರ ಡಿಸೆಂಬರ್ 28ಕ್ಕೆ ಮುಂಚೆ 22 ಇತ್ತು. ಸಿಎಂಆರ್ ಒಪ್ಪಂದದ ರಸ್ತೆ ಸಾಗಾಣಿಕೆಗೆ ಕೆಜಿಗೆ 8.33.

ಇಲ್ಲಿ ಬಿಎಲ್ ಬರೆಯೋ ರೀತಿಯೇ ದುಡ್ಡು. 200 ಬಾಕ್ಸ್, ಒಟ್ಟು 4,000 ಕೆಜಿ ಇರೋ ಕಂಟೈನರ್ ಅಂದ್ಕೊಳ್ಳಿ. ಬಿಎಲ್ ಅಲ್ಲಿ ಬರೀ "1 ಕಂಟೈನರ್" ಅಂತಿದ್ರೆ ಅದು ಒಂದೇ ಪ್ಯಾಕೇಜ್, ತೂಕದ ಲೆಕ್ಕದಲ್ಲಿ 8,000 ಎಸ್‌ಡಿಆರ್ ಮಿತಿ. "1 ಕಂಟೈನರ್, ಒಳಗೆ 200 ಬಾಕ್ಸ್" ಅಂತ ಎಣಿಸಿ ಬರೆದಿದ್ರೆ 200 ಸಲ 666.67, ಅಂದ್ರೆ 1,33,334. ಮೂರು ಪದ ಜಾಸ್ತಿ ಟೈಪ್ ಮಾಡೋ ಕೆಲಸ ಅಷ್ಟೇ.

ಗಡುವು ತಪ್ಪಿಸ್ಬೇಡಿ. ಹಡಗಿನ ಮಾಲಿಗೆ ಹೊರಗೆ ಕಾಣೋ ಹಾನಿ ಆದ್ರೆ ಡೆಲಿವರಿ ತಗೊಳ್ಳುವಾಗಲೇ, ಕಾಣದ್ದು ಆದ್ರೆ 3 ದಿನದಲ್ಲಿ ಬರೆದು ಕೊಡಿ, ಕೇಸು ಹಾಕೋಕೆ ಒಂದೇ ವರ್ಷ. ವಿಮಾನದ್ದಕ್ಕೆ ಹಾನಿಗೆ 14 ದಿನ, ಕೇಸಿಗೆ 2 ವರ್ಷ.

ಹಡಗು ದಾರಿ ಬದಲಾಯಿಸಿ ಹದಿನೈದು ದಿನ ತಡ ಆಯ್ತು, ಆರ್ಡರ್ ಕ್ಯಾನ್ಸಲ್. ನಷ್ಟ ಯಾರು ಕೊಡ್ತಾರೆ?

ಸಾಮಾನ್ಯವಾಗಿ ಯಾರೂ ಕೊಡಲ್ಲ. ಅಪಾಯ ಕಂಡ್ರೆ ದಾರಿ ಬದಲಾಯಿಸೋ ಹಕ್ಕು ಲೈನಿಗಿದೆ ಅಂತ ಬಿಎಲ್ ಹಿಂಬದಿಯ ಸಣ್ಣಕ್ಷರದಲ್ಲಿ ಇರತ್ತೆ, ತಡದಿಂದ ಆದ ನಷ್ಟವನ್ನ ಕಾರ್ಗೋ ವಿಮೆ ಹೊರಗಿಡತ್ತೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಲೈನುಗಳು ಸೂಯೆಜ್ ಬಿಟ್ಟು ಆಫ್ರಿಕಾದ ಕೇಪ್ ಆಫ್ ಗುಡ್ ಹೋಪ್ ಸುತ್ತಿ ಹೋದ್ವು, ಏಷ್ಯಾ-ಯುರೋಪ್ ದಾರಿಗೆ ಹತ್ತು ಹದಿನಾಲ್ಕು ದಿನ ಕೂಡ್ತು, ಮೇಲಿಂದ ಸರ್‌ಚಾರ್ಜ್. ಅದೇ ವರ್ಷ ಬರದಿಂದ ಪನಾಮಾ ಕಾಲುವೆಯಲ್ಲಿ ದಿನಕ್ಕೆ ದಾಟೋ ಹಡಗುಗಳ ಸಂಖ್ಯೆಯನ್ನೂ ಇಳಿಸಿದ್ರು. ಕೊಳ್ಳೋರಿಗೆ ದಿನಾಂಕ ಮಾತು ಕೊಡುವಾಗ ಲೈನಿನ ವೇಳಾಪಟ್ಟಿ ನೋಡಿ ಹೇಳ್ಬೇಡಿ, ಅದು ಭರವಸೆ ಅಲ್ಲ.

ನನ್ನ ಮಾಲಿಗೆ ಏನೂ ಆಗಿಲ್ಲ, ಆದ್ರೂ ಜನರಲ್ ಆವರೇಜ್ ಅಂತ ದುಡ್ಡು ಕಟ್ಟು ಅಂತಿದಾರೆ. ಯಾಕೆ ಕಟ್ಬೇಕು?

ಇದನ್ನ ಕೇಳಿದಾಗ ಎಲ್ಲರಿಗೂ ಸಿಟ್ಟು ಬರತ್ತೆ, ಆದ್ರೆ ನಿಯಮ ತುಂಬಾ ಹಳೇದು, ಪ್ರಾಚೀನ ರೋಡ್ಸ್ ದ್ವೀಪದ ನಾವಿಕರ ಕಾಲದ್ದು ಅಂತಾರೆ. ಬಿರುಗಾಳಿಯಲ್ಲಿ ಹಡಗು ಉಳಿಸೋಕೆ ಕೆಲವರ ಮಾಲನ್ನ ಸಮುದ್ರಕ್ಕೆ ಎಸೆದ್ರೆ, ಉಳಿದವರೆಲ್ಲಾ ಸೇರಿ ಆ ನಷ್ಟ ತುಂಬಬೇಕು, ಯಾಕಂದ್ರೆ ಅವರ ಮಾಲು ಉಳಿದಿದ್ದು ಇವರ ಮಾಲು ಹೋಗಿದ್ದಕ್ಕೇ. ಈಗ ಯಾರ್ಕ್-ಆಂಟ್ವರ್ಪ್ ನಿಯಮಗಳ ಪ್ರಕಾರ ಲೆಕ್ಕ ಹಾಕ್ತಾರೆ. ಹಡಗು ಮತ್ತೆ ಮಾಲು ಸೇರಿ 10 ಕೋಟಿ ಡಾಲರ್ ಬೆಲೆ, ಉಳಿಸೋಕೆ ಆದ ಖರ್ಚು ನಷ್ಟ 1 ಕೋಟಿ ಅಂದ್ರೆ ಪ್ರತಿಯೊಬ್ರೂ 10%, ನಿಮ್ಮ ಮಾಲು 50 ಸಾವಿರ ಡಾಲರ್ ಇದ್ರೆ ನಿಮ್ಮ ಪಾಲು 5 ಸಾವಿರ.

2021ರ ಮಾರ್ಚ್ 23ರಂದು 400 ಮೀಟರ್ ಉದ್ದದ ಎವರ್ ಗಿವನ್ ಸೂಯೆಜಲ್ಲಿ ಸಿಕ್ಕಿಕೊಂಡಾಗ ಹಡಗಿನ ಮಾಲೀಕರು ಇದನ್ನೇ ಘೋಷಿಸಿದ್ರು, ಆರು ದಿನಕ್ಕೆ ಬಿಡಿಸಿದ್ರೂ ಪರಿಹಾರದ ಜಗಳದಲ್ಲಿ ಹಡಗು ಅಲ್ಲಿಂದ ಹೊರಟಿದ್ದು ಜುಲೈ 7ಕ್ಕೆ. 2018ರ ಮಾರ್ಚಲ್ಲಿ ಅರಬ್ಬೀ ಸಮುದ್ರದಲ್ಲಿ ಬೆಂಕಿ ಹತ್ತಿದ ಮೇರ್ಸ್ಕ್ ಹೊನಾಮ್ ಇನ್ನೂ ಕಷ್ಟದ್ದು, ಐದು ಜನ ನಾವಿಕರು ತೀರ್ಕೊಂಡ್ರು, ಮಾಲು ಉಳಿದವರಿಂದ ಸಾಲ್ವೇಜಿಗೆ (ಹಡಗು, ಮಾಲು ಉಳಿಸಿದವರ ಸಂಭಾವನೆ) 42.5%, ಜನರಲ್ ಆವರೇಜಿಗೆ 11.5%, ಅಂದ್ರೆ ಮಾಲಿನ ಬೆಲೆಯ 54% ಭದ್ರತೆ ಕೇಳಿದ್ರು.

ಅಷ್ಟು ಭದ್ರತೆ ಕೊಡೋವರೆಗೂ ಕಂಟೈನರ್ ಬಿಡಲ್ಲ. ವಿಮೆ ಇದ್ದವ್ರು ಆವರೇಜ್ ಬಾಂಡಿಗೆ (ನನ್ನ ಪಾಲು ಕಟ್ತೀನಿ ಅನ್ನೋ ಪತ್ರ) ಸಹಿ ಹಾಕಿ ಇನ್ಶೂರೆನ್ಸ್ ಕಂಪನಿಗೆ ಒಂದು ಮೇಲ್ ಹಾಕ್ತಾರೆ, ಅವ್ರು ಗ್ಯಾರಂಟಿ ಪತ್ರ ಕೊಡ್ತಾರೆ, ಮಾಲು ಆಚೆ ಬರತ್ತೆ, ಸಿ ಮಟ್ಟದ ವಿಮೆಯಲ್ಲೂ ಇದು ಸೇರಿದೆ. ವಿಮೆ ಇಲ್ಲದವ್ರು ಅಷ್ಟನ್ನೂ ನಗದು ಡೆಪಾಸಿಟ್ ಇಡ್ಬೇಕು. ಪೂರ್ತಿ ಲೆಕ್ಕ ಮುಗಿಯೋಕೆ ವರ್ಷಗಳೇ ಹಿಡಿಯತ್ತೆ, ಜಾಸ್ತಿ ಕಟ್ಟಿದ್ದು ವಾಪಸ್ ಬರೋದೂ ಆಗಲೇ, ಅದಕ್ಕೇ ಡೆಪಾಸಿಟ್ ರಸೀದಿಯ ಒರಿಜಿನಲ್ಲನ್ನ ಬಿಎಲ್ ಫೈಲಲ್ಲೇ ಸೇರಿಸಿ ಜೋಪಾನವಾಗಿ ಇಟ್ಟಿರಿ.